ವೀಳ್ಯ ಕೊಟ್ಟ ಮೇಲಿನ ದಿನಗಳು

ಅತ್ತೆಗೆ ಮೂಗಿನಿಂದ ಉಣಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಆಗ ನಾವು ವಿಜಾಪುರದಲ್ಲಿದ್ದೆವು. ಈಗ ವಿಜಯಪುರ ಎನ್ನುತ್ತಾರೆ, ನನ್ನ ನಾಲಿಗೆಗೆ ಇನ್ನೂ ಹಳೆಯ ಹೆಸರೇ ಬರುತ್ತದೆ. ನಮ್ಮ ಮನೆಯವರು ಜಿಲ್ಲಾ ಕೋರ್ಟಿನಲ್ಲಿ ಗುಮಾಸ್ತರಾಗಿದ್ದರು. ಅವರ ಅಣ್ಣ, ಅಂದರೆ ನನ್ನ ಭಾವ, ತಿಕೋಟಾದ ಹಿರಿಯರ ಮನೆಯಲ್ಲಿದ್ದುಕೊಂಡು ಘೋಣಸಗಿ ಹಾದಿಯ ಹೊಲ ನೋಡಿಕೊಳ್ಳುತ್ತಿದ್ದರು. ಅತ್ತೆ ಯಾವತ್ತೂ ಭಾವನ ಮನೆಯಲ್ಲೇ ಇದ್ದವರು. ದವಾಖಾನೆ ಹತ್ತಿರವಾಗಲಿ ಎಂದು ಕೊನೆಗಾಲಕ್ಕೆ ನಮ್ಮಲ್ಲಿಗೆ ಬಂದಿದ್ದರು.

ಅತ್ತೆ ನನ್ನ ಅಪ್ಪನ ಒಡಹುಟ್ಟಿದ ಅಕ್ಕ. ನಮ್ಮ ಕಡೆ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಹೊಸದೇನಲ್ಲ. ಚಿಕ್ಕವಳಿದ್ದಾಗ ಅವರ ಕೊರಳಿಗೆ ಜೋತುಬಿದ್ದು ‘ನೀ, ನೀ’ ಅನ್ನುತ್ತಿದ್ದವಳು ಮದುವೆಯಾದ ಮರುದಿನದಿಂದ ‘ನೀವು’ ಅನ್ನಬೇಕಾಯಿತು. ಅದಕ್ಕೆ ಅವರೇ ನಕ್ಕಿದ್ದರು. "ನಿನ್ನ ಮೂಗ ಒರಸಿದವಳಿಗೆ ರೀ ಅಂತೀ ಏನ ಬೇ?" ಎಂದಿದ್ದರು. ಆ ಮಾತು ಹೀಗೆ ತಿರುಗಿ ನಾನು ಅವರ ಮೂಗು ಒರೆಸುವ ಕಾಲ ಬರುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಮೊದಲು ರೊಟ್ಟಿ ಗಂಟಲಲ್ಲಿ ನಿಲ್ಲತೊಡಗಿತು. ನೀರು ಕುಡಿದರೆ ಇಳಿಯುತ್ತಿತ್ತು. ಆಮೇಲೆ ನುಚ್ಚು ನಿಂತಿತು, ಆಮೇಲೆ ಮೆದು ಅನ್ನವೂ ನಿಂತಿತು. ಮಿರಜಿಗೆ ಕರೆದುಕೊಂಡು ಹೋದಾಗ ಅನ್ನನಾಳದಲ್ಲಿ ಕ್ಯಾನ್ಸರ್ ಗಂಟು ಇದೆ, ಕೊಯ್ಯುವ ಹಂತ ದಾಟಿದೆ ಎಂದು ಹೇಳಿ ಕಳಿಸಿದರು. ವಿಜಾಪುರದ ಡಾಕ್ಟರು ಮೂಗಿನಿಂದ ಹೊಟ್ಟೆಯವರೆಗೆ ಒಂದು ಸಣ್ಣ ರಬ್ಬರ್ ನಳಿಗೆ ಇಳಿಸಿ, ಅದರ ತುದಿಯನ್ನು ಕೆನ್ನೆಗೆ ಪಟ್ಟಿ ಹಚ್ಚಿ ಅಂಟಿಸಿ, ಉಣಿಸುವುದನ್ನು ನನಗೆ ಕಲಿಸಿಕೊಟ್ಟರು.

ಹಾಲಿಗೆ ಜೋಳದ ಹಿಟ್ಟಿನ ತೆಳ್ಳನೆ ಗಂಜಿ ಕೂಡಿಸಿ, ಹಳೆಯ ಧೋತರದ ತುಂಡಿನಲ್ಲಿ ಸೋಸಿ, ಬೆಚ್ಚಗಿರುವಾಗಲೇ ನಳಿಗೆಯ ತುದಿಗೆ ಲಾಳಿಕೆ ಸಿಕ್ಕಿಸಿ ಹೊಯ್ಯಬೇಕು. ಲಾಳಿಕೆ ಎತ್ತರ ಹಿಡಿದರೆ ಸರ್ರನೆ ಇಳಿದು ಅವರ ಹೊಟ್ಟೆ ನುಲಿಯುತ್ತಿತ್ತು, ತಗ್ಗಿಸಿದರೆ ಅಲ್ಲೇ ನಿಂತುಬಿಡುತ್ತಿತ್ತು. ಕಡೆಗೆ ಒಂದಿಷ್ಟು ನೀರು ಬಿಡದಿದ್ದರೆ ನಳಿಗೆ ಕಟ್ಟಿಕೊಳ್ಳುತ್ತಿತ್ತು. ಅತ್ತೆ ಬಿಳಿ ಹಾಲು ತಮ್ಮ ಮೂಗಿನೊಳಗೆ ಇಳಿಯುವುದನ್ನು ಕಣ್ಣು ಓರೆ ಮಾಡಿ ನೋಡುತ್ತಿದ್ದರು.

"ಎತ್ತಿಗೆ ಗೊಟ್ಟದಾಗ ಔಷಧ ಹೊಯ್ದಂಗ ಹೊಯ್ತೀ ನೋಡ ಬೇ ನನಗ," ಅನ್ನುತ್ತಿದ್ದರು. ದನಗಳ ಬಾಯಿಗೆ ಔಷಧ ಇಳಿಸುವ ಬಿದಿರಿನ ಕೊಳವೆಗೆ ಗೊಟ್ಟ ಅನ್ನುತ್ತೇವೆ. "ಎತ್ತು ಒದೀತೈತಿ. ನನಗ ಒದಿಯಾಕೂ ಬರಂಗಿಲ್ಲ."

"ಒದೀರಿ ಅತ್ತಿ, ಯಾರ ಬ್ಯಾಡ ಅಂದಾರ?"

"ಒದ್ರ ಹಾಲ ಚೆಲ್ಲತೈತಿ. ಹಿರಿ ಮಗ ಬಸ್ಸಿನ್ಯಾಗ ತೊಡಿ ಮ್ಯಾಲ ಇಟಗೊಂಡ ತಂದಾನ ಅದನ್ನ."

ಹಾಲು ಒಳಗೆ ಹೋದರೂ ಅವರಿಗೆ ರುಚಿ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಉಪ್ಪಿನಕಾಯಿ ಭರಣಿಯ ರಸವನ್ನು ಬೆರಳ ತುದಿಯಲ್ಲಿ ಅದ್ದಿ ಅವರ ನಾಲಿಗೆಗೆ ಹಚ್ಚಿದೆ. ಕಣ್ಣು ಮುಚ್ಚಿ ಬಹಳ ಹೊತ್ತು ಚಪ್ಪರಿಸಿದರು. ಶಿವ ಅವತ್ತು ಅಷ್ಟು ಕೊಟ್ಟ ಅಂದುಕೊಂಡೆ. ಅಂಥದ್ದನ್ನು ಎಣಿಸಿ ಇಟ್ಟುಕೊಳ್ಳುವುದು ನನಗೆ ಮೊದಲಿನಿಂದಲೂ ರೂಢಿ. ದೊಡ್ಡದು ಕೇಳಿ ಸಿಗದೆ ಹೋದವರಿಗೆ ಅದು ತಾನಾಗಿ ಬರುತ್ತದೆ.

ನೋವು ಮಾತ್ರ ದಿನದಿಂದ ದಿನಕ್ಕೆ ಬೆನ್ನಿಗೆ ಇಳಿಯಿತು. ಒಂದು ಬೆಳಗ್ಗೆ ನಾನು ನೀರು ತರಲು ಹೋದಾಗ ಅತ್ತೆ ನಳಿಗೆಯನ್ನು ಕೈಯಿಂದ ಎಳೆದು ಹಾಕಿಬಿಟ್ಟರು. ಮನೆಯವರು ಟಾಂಗಾ ಮಾಡಿಕೊಂಡು ದವಾಖಾನೆಗೆ ಒಯ್ದರು. ಆಯಾ ಒಬ್ಬಳು ಕೈ ಹಿಡಿದಳು, ನಾನು ತಲೆ ಹಿಡಿದೆ. ಕಂಪೌಂಡರ್ "ನುಂಗ್ರಿ ಅಜ್ಜಿ, ನುಂಗ್ರಿ, ನುಂಗ್ರಿ" ಅನ್ನುತ್ತ ನಳಿಗೆ ತಳ್ಳಿದ. ಗಂಟು ದಾಟಿ ಹೋಗುವುದರೊಳಗೆ ರಕ್ತ ಬಂತು. ಅತ್ತೆ ಕೂಗಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ಎಲ್ಲ ಮುಗಿದ ಮೇಲೆ ಡಾಕ್ಟರ ಕೈ ಹಿಡಿದುಕೊಂಡರು.

"ಯಪ್ಪಾ, ನಿನ್ನ ಕಪಾಟಿನ್ಯಾಗ ಎಷ್ಟೊಂದ ಸೂಜಿ ಅದಾವ. ಒಂದ ಹಾಕಿ ನನ್ನ ಕಳಿಸಿಬಿಡು. ನಿನ್ನ ಮಕ್ಕಳು ತಣ್ಣಗ ಇರ್ಲಿ."

ಡಾಕ್ಟರು ವಯಸ್ಸಿನಲ್ಲಿ ನಮ್ಮ ಮನೆಯವರಿಗಿಂತ ಚಿಕ್ಕವರು. ಕೈ ಬಿಡಿಸಿಕೊಳ್ಳದೆ ಕುರ್ಚಿ ಎಳೆದು ಕುಳಿತರು. "ಅಜ್ಜಿ, ಆ ಸೂಜಿ ನನ್ನ ಕೈಲೆ ಆಗಂಗಿಲ್ಲ. ನೋವಿಗೆ ಕೊಡತೀನಿ. ನಿದ್ದಿ ಬರತೈತಿ."

"ನಿದ್ದಿಯಿಂದ ಎಬ್ಬಸಂಗಿಲ್ಲ ಅಂದ್ರ ಕೊಡು," ಎಂದರು ಅತ್ತೆ. ಡಾಕ್ಟರು ನಕ್ಕರು, ಮರುಕ್ಷಣ ಮುಖ ಆ ಕಡೆ ತಿರುಗಿಸಿಕೊಂಡರು.

ಆ ವಾರ ಭಾವ ಹಾಲು ತೆಗೆದುಕೊಂಡು ಬಂದಾಗ ಅಣ್ಣತಮ್ಮಂದಿರ ನಡುವೆ ಮಾತು ಹುಟ್ಟಿತು. ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಬಾಗಿಲ ಒಳಗೆ ಜೋಳ ಹಸನು ಮಾಡುತ್ತಿದ್ದೆ.

"ತಮ್ಮಾ, ಆಕಿ ಜೀವ ಆಕೀದು. ಸಾಕು ಅನ್ನಾಕತ್ತಾಳ. ನಾವ್ಯಾಕ ಜಗ್ಗಿ ಹಿಡಕೊಂಡ ಕುಂತೇವಿ?" ಎಂದರು ಭಾವ.

"ಆಕಿ ಜೀವ ಆಕೀದು ಅಂತ ಕಾಯ್ದೆ ಹೇಳಂಗಿಲ್ಲ ಅಣ್ಣಾ. ಸಾಯಾಕ ಹೋದವರಿಗೂ ಶಿಕ್ಷಾ ಐತಿ, ಅವರಿಗೆ ಕೈ ಕೊಟ್ಟವರಿಗೂ ಐತಿ. ಬಾವಿಗೆ ಬಿದ್ದು ಬದುಕಿದ ಹೆಣ್ಣಮಗಳನ್ನ ಕಟಕಟಿಯೊಳಗ ನಿಂದರಿಸಿದ್ದು ನಾ ಕಣ್ಣಾರ ಕಂಡೇನಿ. ಆಕಿ ಕಡೆ ನೋಡಾಕ ಆಗಲಿಲ್ಲ ನನಗ."

"ಹಂಗಾರ ಆ ಕಾಯ್ದೆ ಮಾಡಿದವರ ಮೂಗಿನ್ಯಾಗ ಒಂದೊಂದ ನಳಿ ಹಾಕ್ಸು. ಆಮ್ಯಾಲ ಕಾಯ್ದೆ ಏನ ಹೇಳತೈತಿ ನೋಡೂಣು."

"ನಗಚಾಟಿಕಿ ಅಲ್ಲ ಅಣ್ಣಾ."

"ನಾನೂ ನಗಾಕತ್ತಿಲ್ಲ."

ನನಗೆ ಇಬ್ಬರ ಮಾತೂ ಹೌದು ಅನ್ನಿಸುತ್ತಿತ್ತು. ಉಸಿರು ಶಿವ ಕೊಟ್ಟದ್ದು, ಅದನ್ನು ಅವನೇ ಒಯ್ಯಬೇಕು ಎಂದು ನಂಬಿ ಬೆಳೆದವಳು ನಾನು. ಆದರೆ ಅವನು ಒಯ್ಯಲು ಬಂದು ಬಾಗಿಲಲ್ಲಿ ನಿಂತಾಗ ನಾನು ದಿನಾ ಲಾಳಿಕೆ ಹಿಡಿದು ಅಡ್ಡ ನಿಂತಿದ್ದೇನೋ ಎಂಬ ಯೋಚನೆಯೂ ಬರುತ್ತಿತ್ತು. ಪೂಜೆಗೆ ಕುಳಿತಾಗ ಅಂಗೈ ಮೇಲಿನ ಲಿಂಗವನ್ನು ಕೇಳುತ್ತಿದ್ದೆ, ಈ ನಳಿಗೆ ನಿನ್ನದೋ, ಡಾಕ್ಟರದೋ ಎಂದು.

ಅತ್ತೆ ಬೇಡಿದ ಸೂಜಿ ಸಿಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಇನ್ನೊಂದು ಕೇಳತೊಡಗಿದರು. "ತಿಕೋಟಾಕ್ಕ ಒಯ್ಯಿರಿ. ಅಯ್ಯನವರನ್ನ ಕರಸ್ರಿ. ವೀಳ್ಯ ಕೊಟ್ಟಬಿಡತೀನಿ."

ನಮ್ಮಲ್ಲಿ ಸಾವು ಸಮೀಪಿಸಿತು ಎಂದು ತಿಳಿದಾಗ ಮಾಡುವ ಕರ್ಮ ಇದು. ಹೋಗುವ ಜೀವಕ್ಕೆ ಮೈ ತೊಳೆಸಿ, ಮಡಿ ಉಡಿಸಿ, ಮೈತುಂಬ ವಿಭೂತಿ ಹಚ್ಚಿ ಕೂಡಿಸುತ್ತಾರೆ. ಅವರು ತಮ್ಮ ಕೈಯಾರೆ ಅಯ್ಯನವರಿಗೆ, ಅಂದರೆ ಮನೆತನದ ಜಂಗಮರಿಗೆ, ವಿಭೂತಿ, ಎಲೆ ಅಡಿಕೆ ಕೊಟ್ಟು ಪಾದೋದಕ ತೆಗೆದುಕೊಳ್ಳಬೇಕು. ಬಂಧು ಬಳಗ ಬಂದು ತಪ್ಪಾಯಿತು ಎಂದು ಕಾಲು ಮುಟ್ಟುತ್ತದೆ. ವೀಳ್ಯ ಕೊಟ್ಟವರಿಗೆ ಮನೆಯ ಋಣ ಹರಿಯಿತು ಎಂದು ಲೆಕ್ಕ. ನಮ್ಮ ಮನೆತನದಲ್ಲಿ ಆಮೇಲೆ ಅವರಿಗೆ ಒಲೆಯ ಮೇಲಿನದು ಏನೂ ಕೊಡುತ್ತಿರಲಿಲ್ಲ. ಪಾದೋದಕ ಅಷ್ಟೇ. ಹೆಚ್ಚಿನವರು ಅವತ್ತೋ ಮರುದಿನವೋ ಹೋಗಿಬಿಡುತ್ತಿದ್ದರು, ಅದರಿಂದ ಈ ಮಾತಿಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಒಂದು ಬೆಳಗ್ಗೆ ಅತ್ತೆಗೆ ಎಚ್ಚರ ತಪ್ಪಿತು. ಉಸಿರು ಗೊರಗೊರ ಅನ್ನುತ್ತಿತ್ತು. ಊರು ಮುಟ್ಟಿಸಬೇಕೆಂದು ಮನೆಯವರೇ ಜೀಪು ಗೊತ್ತು ಮಾಡಿ, ನಮ್ಮನ್ನು ಹತ್ತಿಸಿ, ಕೋರ್ಟಿಗೆ ಹೇಳಿ ಹಿಂದೆಯೇ ಬರುತ್ತೇನೆ ಎಂದರು. ಅವತ್ತು ಅವರಿಗೆ ರಜೆ ಸಿಗಲಿಲ್ಲ. ತಿಕೋಟಾದಲ್ಲಿ ಭಾವ ತಾಯಿಯ ಉಸಿರು ಕೇಳಿದವರೇ ಬಬಲೇಶ್ವರಕ್ಕೆ ಆಳು ಕಳಿಸಿ ಮನೆತನದ ಅಯ್ಯನವರನ್ನು ಕರೆಸಿದರು. ವಯಸ್ಸಾದ ಜೀವ, ಬಿಸಿಲಲ್ಲಿ ಬಂದಿದ್ದರು. ಅತ್ತೆಯ ನಾಡಿ ಹಿಡಿದು, "ಹೊತ್ತ ಮುಣಗೂದ್ರೊಳಗ ಆಗತೈತಿ" ಎಂದರು.

"ಮೂಗಿನ್ಯಾಗ ರಬ್ಬರ ಇಟಗೊಂಡ ಯಾರರ ವೀಳ್ಯ ಕೊಡತಾರೇನು?" ಎಂದು ಭಾವ ಕೆನ್ನೆಯ ಪಟ್ಟಿ ಬಿಚ್ಚಿ ನಳಿಗೆ ಎಳೆದು ತೆಗೆದರು. ನಾನು ಅಲ್ಲೇ ಇದ್ದೆ. ಅಯ್ಯನವರು ನೋಡಿದ ನಾಡಿಯನ್ನು ನಾನೂ ನಂಬಿದ್ದೆ. ನಾನೇ ಮೈ ತೊಳೆಸಿದೆ. ಅತ್ತೆಗೆ ಅರೆ ಎಚ್ಚರ ಬಂತು. ಎಲೆ ಅಡಿಕೆಯನ್ನು ಅವರ ಕೈಯಲ್ಲಿಟ್ಟು ಭಾವ ಕೈಗೆ ಕೈ ಹಚ್ಚಿ ಕೊಡಿಸಿದರು. ಪಾದೋದಕದ ಹನಿ ತುಟಿಗೆ ಬಿದ್ದಾಗ ಅವರ ಮುಖ ಸಡಿಲಾಯಿತು. ಎಷ್ಟೋ ತಿಂಗಳ ನಂತರ ಆ ಮುಖದಲ್ಲಿ ಪಟ್ಟಿ ಇರಲಿಲ್ಲ.

ಸುದ್ದಿ ಹಬ್ಬಿತು. ಕನಮಡಿಯಿಂದ, ಸಾರವಾಡದಿಂದ ಬೀಗರು ಬಂದರು. ಪಡಸಾಲೆ ತುಂಬಿತು. ಭಾವ ಹೆಣ ಕೂಡಿಸಿ ಒಯ್ಯುವ ವಿಮಾನ ಕಟ್ಟಲು ಬಿದಿರು ತರಿಸಿ ಅಂಗಳದ ಗೋಡೆಗೆ ಆನಿಸಿದರು. ಹೊತ್ತು ಮುಳುಗಿತು. ಅಯ್ಯನವರು ಕಾದು ಕಾದು ಊರಿಗೆ ಹೋದರು. ಅತ್ತೆ ಹೋಗಲಿಲ್ಲ.

ಬೆಳಗ್ಗೆ ನಾನು ಮುಖ ಒರೆಸುತ್ತಿದ್ದಾಗ ಕಣ್ಣು ತೆರೆದು ಸುತ್ತಲೂ ನೋಡಿದರು.

"ಇನ್ನೂ ಇಲ್ಲೇ ಅದೀನೇನ ಬೇ?"

"ಹೌದ್ರಿ ಅತ್ತಿ."

"ಇವರೆಲ್ಲ ಯಾರ ಮದವಿಗೆ ಬಂದಾರ?" ಬಾಗಿಲಾಚೆ ದೃಷ್ಟಿ ಹಾಯಿಸಿದರು. "ಬಿದಿರು ಛಲೋ ಅದಾವ. ನೆಟ್ಟಗ ಅದಾವ."

ಸಾರವಾಡದಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರೋ ಅತ್ತರೋ ಗೊತ್ತಾಗಲಿಲ್ಲ. ಆಮೇಲೆ ಪಡಸಾಲೆಯಲ್ಲಿ ಗುಸುಗುಸು ಸುರುವಾಯಿತು. ವೀಳ್ಯ ಕೊಟ್ಟಾಗಿದೆ, ಮನೆಯದು ಉಣಿಸುವಂತಿಲ್ಲ. ಉಣಿಸದೆ ಇದ್ದರೆ ಹಸಿದು ಹೋಗುತ್ತಾರೆ. ಹಿಂದೆ ವೀಳ್ಯ ಕೊಟ್ಟು ಬದುಕಿದವರು ಮನೆ ಬಿಟ್ಟು ಮಠ ಸೇರಬೇಕಿತ್ತಂತೆ ಎಂದು ಒಬ್ಬರು. ಕೂಡಲು ಬಾರದ ಜೀವವನ್ನು ಯಾವ ಮಠಕ್ಕೆ ಹೊತ್ತು ಹಾಕುತ್ತೀರಿ ಎಂದು ಇನ್ನೊಬ್ಬರು.

ಮೊದಲ ಬಸ್ಸಿಗೆ ಬಂದ ನಮ್ಮ ಮನೆಯವರು ತಾಯಿಯ ಮುಖ ನೋಡಿ, ಬರಿದಾದ ಮೂಗು ನೋಡಿ, ಅಂಗಳಕ್ಕೆ ಹೊರಳಿದರು.

"ನಳಿ ತಗದವರು ಯಾರು?"

"ನಾನು," ಎಂದರು ಭಾವ.

"ಅಣ್ಣಾ, ಬುದ್ಧಿ ಐತಿಲ್ಲೋ ನಿನಗ? ಆಕಿ ಉಪಾಸ ಸತ್ರ ಯಾರ ಜವಾಬ್ದಾರಿ? ಊರ ಮಂದಿ ಎಲ್ಲಾ ಸಾಕ್ಷಿ ಕುಂತೈತಿ ಇಲ್ಲಿ. ಜೀಪ ತರಸು. ಈಗಿಂದೀಗ ದವಾಖಾನಿಗೆ ಒಯ್ದು ತಿರಗಿ ನಳಿ ಹಾಕಸೂಣು."

"ವೀಳ್ಯ ಕೊಟ್ಟ ಹೆಣಮಗಳನ್ನ ಎತಗೊಂಡ ಹೋಗಿ ಮತ್ತ ಆ ನಳಿ ತುರಕಸ್ತಿ? ತಾಯಿ ಐತಿ ಅದು, ಕೋರ್ಟಿನ ಫೈಲ ಅಲ್ಲ."

"ಫೈಲ ಆಗಬಾರದು ಅಂತನ ಹೇಳಾಕತ್ತೇನಿ!"

ನಮ್ಮ ಮನೆಯವರು ಹೆದರಿದ್ದು ಜೇಲಿಗಲ್ಲ. ಹೆತ್ತ ತಾಯಿಯನ್ನು ಹಸಿವಿನಲ್ಲಿ ಕೊಂದೆವು ಎಂಬ ಮಾತು ತಮ್ಮ ತಲೆಯೊಳಗೇ ಉಳಿದುಬಿಡುತ್ತದೆ ಎಂದು ಹೆದರಿದ್ದರು. ಅದು ನನಗೆ ಗೊತ್ತಿತ್ತು. ನನ್ನ ಕಡೆ ತಿರುಗಿದರು. "ನಳಿ ನೋಡಿಕೊಂಡಾಕಿ ನೀನು. ನೀ ಹೇಳು. ಹಾಕಸೂದೋ ಬ್ಯಾಡೋ?"

ಪಡಸಾಲೆಯೆಲ್ಲ ನನ್ನನ್ನೇ ನೋಡಿತು. ನಾನು ಒಳಗೆ ಹೋಗಿ ಅತ್ತೆಯ ಪಕ್ಕ ಕುಳಿತೆ.

"ಅತ್ತಿ, ಹಸಿವಾಗೈತೇನ್ರಿ?"

"ಇಲ್ಲ. ಹಸಿವಾದ್ರ ಬಾಯಿ ತೆರೀತೀನಿ. ಮೂಗ ಮಾತ್ರ ಯಾರೂ ಮುಟ್ಟಬ್ಯಾಡ್ರಿ." ನನ್ನ ಮಣಿಕಟ್ಟು ಹಿಡಿದರು. ಹಿಡಿತದಲ್ಲಿ ಶಕ್ತಿ ಇರಲಿಲ್ಲ. "ಮತ್ತ ನನ್ನ ತಲಿ ಹಿಡೀಬ್ಯಾಡ ಬೇ ನೀ."

ಹೊರಗೆ ಬಂದು ಹೇಳಿದೆ: "ಡಾಕ್ಟರನ್ನ ಕೇಳೂಣ್ರಿ. ಅಯ್ಯನವರನ್ನೂ ಕೇಳೂಣು. ಇಬ್ಬರನ್ನೂ ಕೇಳೂತನಕ ಜೀಪ ಬ್ಯಾಡ." ನನ್ನಿಂದ ಅಷ್ಟು ಗಟ್ಟಿ ಮಾತು ಬಂದದ್ದಕ್ಕೋ ಏನೋ ಮನೆಯವರು ಒಪ್ಪಿದರು. ಅತ್ತೆಯ ಹತ್ತಿರ ನೆಗೆಣ್ಣಿಯನ್ನು, ಅಂದರೆ ಭಾವನ ಹೆಂಡತಿಯನ್ನು, ಕೂಡಿಸಿ ನಾವಿಬ್ಬರೂ ಬಸ್ಸು ಹತ್ತಿದೆವು.

ವಿಜಾಪುರದಲ್ಲಿ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. "ಗಂಟು ಬೆಳದೈತಿ. ತಿರಗಿ ನಳಿ ಹಾಕಾಕ ಹೋದ್ರ ಹೋದಸಲಕ್ಕಿಂತ ಹೆಚ್ಚು ರಕ್ತ ಬರಬಹುದು, ಹರೀಲೂಬಹುದು. ಒಳಗ ಹ್ವಾದ್ರೂ ಎಷ್ಟ ದಿನ? ಅಜ್ಜಿ ಬ್ಯಾಡ ಅಂದ್ರ ನಾ ಕೈ ಕಾಲ ಹಿಡಿದು ಹಾಕಂಗಿಲ್ಲ."

"ಅಂದ್ರ ನೀವೂ ಸಾಯ್ಲಿ ಅಂತೀರೇನ್ರಿ?" ಎಂದರು ನಮ್ಮವರು.

"ಅವತ್ತು ಅವರು ಕೇಳಿದ ಸೂಜಿ ಕೊಟ್ಟಿದ್ರ ಅದು ನನ್ನ ಕೈಲೆ ಆದ ಸಾವು. ಇದು ಗಂಟಿನಿಂದ ಆಗೂ ಸಾವು. ನಾಳೆ ಯಾರರ ಕೇಳಿದ್ರ ನನ್ನ ಕಡೆ ಕಳಸ್ರಿ, ನಾ ಹಿಂಗ ಹೇಳತೀನಿ. ಆದ್ರ ಒಂದ ಮಾತು. ಅವರು ಬಾಯಿ ತೆರದ್ರ ಹಾಲು, ನೀರು ಏನ ಇಳೀತೈತೋ ಕೊಡ್ರಿ. ಪದ್ಧತಿ ಅಂತ ತಡೀಬ್ಯಾಡ್ರಿ. ಅದು ಬ್ಯಾರೆ ಆಗತೈತಿ." ನೋವಿನ ಸೂಜಿಮದ್ದು ಕೊಟ್ಟು, ತಿಕೋಟಾದ ಕಂಪೌಂಡರನಿಂದ ಹಾಕಿಸಿಕೊಳ್ಳಿ ಎಂದರು.

ಅಲ್ಲಿಂದ ಬಬಲೇಶ್ವರದ ಬಸ್ಸು. ಮನೆಯವರು ಹಾದಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದರು. ಸಾರವಾಡ ದಾಟಿದ ಮೇಲೆ ಒಂದೇ ಮಾತು ಆಡಿದರು: "ಕೋರ್ಟಿನ್ಯಾಗ ಇದನ್ನ ಯಾರರ ಕೇಳಿದ್ರ, ಡಾಕ್ಟರ ಹೇಳಿದ್ದು ನಿಂದರತೈತೋ ಇಲ್ಲೋ ಗೊತ್ತಿಲ್ಲ ನನಗ." ನಾನು ಅವರ ಕೈ ಮೇಲೆ ಕೈ ಇಟ್ಟೆ. ಬಸ್ಸಿನಲ್ಲಿ, ಮಂದಿಯೆದುರು, ಹಾಗೆ ಮಾಡಿದ್ದು ಅದೇ ಮೊದಲು.

ಅಯ್ಯನವರು ಉಂಡು ಕೈ ತೊಳೆಯುತ್ತಿದ್ದರು. ನಮ್ಮನ್ನು ನೋಡಿದವರೇ, "ಮುದುಕಿ ಹ್ವಾದ್ಳೇನು?" ಎಂದರು. ಇಲ್ಲ ಎಂದಾಗ ಹೊಸ್ತಿಲ ಮೇಲೆ ಹಾಗೇ ಕುಳಿತುಬಿಟ್ಟರು.

"ನಾ ಅವಸರ ಮಾಡಿದ್ನಿ. ಉಸಿರು ಕೇಳಿ ಮೋಸ ಹೋದ್ನಿ. ಈಗೇನ ಆಗೈತಿ?"

ಮನೆಯವರು ಹೇಳಿದರು. ಮನೆಯದು ಉಣಿಸಬಾರದು ಅಂತ ಮಂದಿ ಅನ್ನುತ್ತಿದ್ದಾರೆ ಎಂದರು.

"ಉಪಾಸ ಕೆಡವಾಕ ವೀಳ್ಯ ಕೊಡ್ತಾರಂತ ಯಾರು ಹೇಳ್ಯಾರ ನಿಮಗ? ಮನೀ ಋಣ ಹರೀತು ಅಂದ್ರ ಪ್ರಸಾದದ ಋಣ ಹರೀತೇನು? ಲಿಂಗಕ್ಕ ತೋರಿಸ್ರಿ, ಆಮ್ಯಾಲ ಕೊಡ್ರಿ. ಅದು ನಿಮ್ಮ ಒಲಿದಲ್ಲ ಆಗ."

"ಕೊಟ್ರೂ ಬ್ಯಾಡ ಅಂದ್ರ?"

"ಬ್ಯಾಡ ಅಂದ್ರ ಬಿಡ್ರಿ."

"ಬಿಡೂದಂದ್ರ ಸಾಯಾಕ ಬಿಟ್ಟಂಗ ಆಗಲಿಲ್ಲೇನ್ರಿ ಅಜ್ಜಾ?"

ಅಯ್ಯನವರು ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. "ಆಗತೈತಿ. ಸುಳ್ಳ ಯಾಕ ಹೇಳ್ಲಿ? ಸಾಯಾಕ ಬಿಟ್ಟಂಗ ಆಗತೈತಿ. ನೀವು ಕೊಂದಂಗ ಆಗಂಗಿಲ್ಲ. ಇವೆರಡೂ ಎಲ್ಲಿ ಬ್ಯಾರೆ ಆಗತಾವ ಅಂತ ಪೂರಾ ಹೇಳಾಕ ನನಗೂ ಬರಂಗಿಲ್ಲ ತಮ್ಮಾ. ನನ್ನ ತಾಯಿ ಆಗಿದ್ರ ನಾ ಹಿಂಗ ಮಾಡತಿದ್ನಿ, ಅಷ್ಟ ಹೇಳಬಲ್ಲೆ." ನನ್ನ ಕಡೆ ತಿರುಗಿದರು. "ತಂಗಿ, ಚಮಚದಾಗ ಕೊಡು. ಆಕಿ ತುಟಿಗೆ ಒಯ್ದು ಹಿಡಿ. ತೆರೆಯೂದು ಮುಚ್ಚೂದು ಆಕೀದು."

ತಿರುಗಿ ಬಂದಾಗ ತಿಕೋಟಾದ ಅಂಗಳದಲ್ಲಿ ಜೀಪು ನಿಂತಿತ್ತು. ಬಬಲೇಶ್ವರಕ್ಕೆ ಹೊರಡುವ ಮುಂಚೆಯೇ ಮನೆಯವರು ವಿಜಾಪುರದ ಸ್ಟ್ಯಾಂಡಿನಲ್ಲಿ ಡ್ರೈವರನಿಗೆ ಹೇಳಿ ಬಂದಿದ್ದರಂತೆ. ನನಗೆ ಹೇಳಿರಲಿಲ್ಲ. ಡ್ರೈವರ್ ಬೇವಿನ ಗಿಡದ ನೆರಳಲ್ಲಿ ಮಲಗಿದ್ದ. ನಾನು ಸೀದಾ ಒಳಗೆ ಹೋಗಿ ಕೈಕಾಲು ತೊಳೆದು ಹಾಲು ಕಾಯಿಸಿ, ಲಿಂಗಕ್ಕೆ ತೋರಿಸಿ, ಆರಿಸಿ ತಂದೆ.

"ಅತ್ತಿ, ಪ್ರಸಾದ. ಅಯ್ಯನವರು ಕೊಡು ಅಂದಾರ."

"ಅಂವ ಮದಲ ಕಳಿಸ್ತೀನಿ ಅಂದ. ಈಗ ಉಣ್ಣು ಅಂತಾನ. ಅಂವಗೂ ಅರಳು ಮರಳು." ಆದರೆ ಬಾಯಿ ತೆರೆದರು. ಒಂದು ಚಮಚ ಹಾಲು ನಾಲಿಗೆಯ ಮೇಲೆ ನಿಂತು, ಮೆಲ್ಲಗೆ ಎಲ್ಲೋ ಸಂದಿ ಹುಡುಕಿಕೊಂಡು ಇಳಿಯಿತು. ಇನ್ನೊಂದು ಚಮಚ ಕೆಮ್ಮಿನಲ್ಲಿ ಹೊರಗೆ ಬಂತು. "ಸಕ್ರಿ ಹಾಕೀಯಲ್ಲ," ಎಂದರು. ರುಚಿ ಗೊತ್ತಾಗಿತ್ತು. ಅದನ್ನೂ ನಾನು ಎಣಿಸಿ ಇಟ್ಟುಕೊಂಡೆ.

ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಜೀಪು ಇರಲಿ ಎಂದರು. ಅದು ಹೋಗುವುದು ಬರುವುದು ಮಾಡುತ್ತ ಕೆಲವು ದಿನ ನಮ್ಮ ಅಂಗಳದ ವಸ್ತುವಾಯಿತು. ಅತ್ತೆ ಬೆಳಗ್ಗೆ ಎರಡು ಗುಟುಕು, ಸಂಜೆ ಒಂದು ಗುಟುಕು ಹೀಗೆ ತೆಗೆದುಕೊಂಡರು. ಬೀಗರು ಒಬ್ಬೊಬ್ಬರಾಗಿ ಊರಿಗೆ ತಿರುಗಿದರು. ಹೋಗುವಾಗ ಪಾಪ, ಏನು ಹೇಳಬೇಕೆಂದು ತಿಳಿಯದೆ ‘ಬರತೇವ್ರಿ’ ಎಂದಷ್ಟೇ ಅಂದರು. ಭಾವ ಬಿದಿರನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಕೊಟ್ಟಿಗೆಯಲ್ಲಿಟ್ಟರು.

ಆಮೇಲೆ ಒಂದು ಮಧ್ಯಾಹ್ನ ನಾನು ಚಮಚ ಒಯ್ದಾಗ ಅತ್ತೆ ತುಟಿ ತೆರೆಯಲಿಲ್ಲ. ಎಚ್ಚರ ಇತ್ತು. ಕಣ್ಣು ನನ್ನ ಮೇಲೇ ಇತ್ತು. ಕಾದೆ. ಹಾಲು ತಣ್ಣಗಾಯಿತು. ಬೇರೆ ಬಿಸಿ ಮಾಡಿ ತಂದೆ. ತುಟಿ ಇನ್ನೂ ಬಿಗಿಯಾಯಿತು.

ಮನೆಯವರು ಬಂದು ನನ್ನ ಕೈಯಿಂದ ಚಮಚ ತೆಗೆದುಕೊಂಡರು. "ಯವ್ವಾ, ಒಂದ ಗುಟುಕ. ನನ್ನ ಕೈಲೆ."

ಅತ್ತೆ ಮಗನ ಮುಖ ನೋಡಿದರು. ಸಿಟ್ಟಿನ ನೋಟವಲ್ಲ. ತುಟಿ ಹಾಗೇ ಇತ್ತು.

"ಯವ್ವಾ."

ಅವರ ಎಡಗೈ ತಾಯಿಯ ಗದ್ದದ ಹತ್ತಿರ ಹೋಯಿತು. ಮಕ್ಕಳಿಗೆ ಔಷಧ ಕುಡಿಸುವಾಗ ಎರಡು ಬೆರಳಿನಿಂದ ಕೆನ್ನೆ ಒತ್ತಿದರೆ ಬಾಯಿ ತಾನೇ ತೆರೆಯುತ್ತದೆ, ಅದು ಎಲ್ಲರಿಗೂ ಗೊತ್ತು. ಆ ಕೆನ್ನೆಯಲ್ಲಿ ಪಟ್ಟಿ ಕಿತ್ತ ಗಾಯ ಇನ್ನೂ ಮಾಯ್ದಿರಲಿಲ್ಲ. ಬೆರಳು ಅಲ್ಲಿ ನಿಂತವು. ಬಾಗಿಲಲ್ಲಿ ಭಾವ ನಿಂತಿದ್ದರು. ಮನೆಯವರು ಬೆರಳಿನಿಂದ ಆ ಗಾಯದ ಅಂಚನ್ನು ಒಮ್ಮೆ ಸವರಿ, ಚಮಚವನ್ನು ಬಟ್ಟಲಲ್ಲಿಟ್ಟು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಜೀಪು ಸುರುವಾದ ಸಪ್ಪಳ ಕೇಳಿತು. ಅದು ಬರಿದೇ ವಿಜಾಪುರದ ಕಡೆ ಹೋಯಿತು, ಮತ್ತೆ ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ನಾನು ಸಮಾಧಾನದಿಂದ ಬರೆಯುತ್ತಿದ್ದೆ. ಆದರೆ ಅತ್ತೆಗೆ ಸುಲಭದ ಸಾವು ಬರಲಿಲ್ಲ. ಹಸಿವು, ಬಾಯಾರಿಕೆ ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ಒದ್ದೆ ಬಟ್ಟೆಯಿಂದ ತುಟಿ ಒರೆಸಿದರೆ ಸಾಕಾಗುತ್ತಿತ್ತು. ಬೆನ್ನಿನ ನೋವು ಮಾತ್ರ ಬಿಡಲಿಲ್ಲ. ಕಂಪೌಂಡರನ ಸೂಜಿ ಮೊದಲು ಅರ್ಧ ದಿನ ಹಿಡಿಯುತ್ತಿತ್ತು, ಆಮೇಲೆ ಒಂದು ತಾಸೂ ಹಿಡಿಯಲಿಲ್ಲ. ಎಂದೂ ಕೂಗದ ಹೆಂಗಸು ಕೊನೆಯ ದಿನ ಕೂಗಿದರು. "ಏನರ ಕೊಡ ಬೇ, ಏನರ ಕೊಡು," ಎಂದು ನನ್ನ ಸೀರೆ ಹಿಡಿದು ಜಗ್ಗಿದರು.

ಅವರು ಬಾಯಿ ಮುಚ್ಚಿದಾಗ ಏನು ಮಾಡಬೇಕೆಂದು ನನಗೆ ಡಾಕ್ಟರೂ ಹೇಳಿದ್ದರು, ಅಯ್ಯನವರೂ ಹೇಳಿದ್ದರು. ಹೀಗೆ ಬಾಯಿ ತೆರೆದು ಕೇಳಿದಾಗ ಏನು ಕೊಡಬೇಕೆಂದು ಯಾರೂ ಹೇಳಿರಲಿಲ್ಲ. ಆಗ ನನ್ನ ಕೈಯಲ್ಲಿ ಆ ಇನ್ನೊಂದು ಸೂಜಿ ಇದ್ದಿದ್ದರೆ? ಶಿವನ ಮೇಲೆ ಆಣೆ ಮಾಡಿ ಬೇಡ ಅನ್ನುತ್ತಿದ್ದೆ ಎಂದು ಹೇಳಲು ಇವತ್ತಿಗೂ ನನಗೆ ಧೈರ್ಯವಿಲ್ಲ. ಈಚೆಗೆ ದಯಾಮರಣ ಎಂಬ ಮಾತು ಪೇಪರಿನಲ್ಲಿ ಬರುತ್ತದೆ. ಕಲಿತವರು ಎರಡೂ ಕಡೆ ನಿಂತು ವಾದ ಮಾಡುತ್ತಾರೆ. ಒಬ್ಬರದನ್ನು ಓದಿದಾಗ ಹೌದು ಅನ್ನುತ್ತೇನೆ, ಇನ್ನೊಬ್ಬರದನ್ನು ಓದಿದಾಗ ಅದೂ ಹೌದು ಅನ್ನುತ್ತೇನೆ. ಅವರಲ್ಲಿ ಯಾರ ಸೀರೆಯನ್ನು ಯಾರು ಹಿಡಿದು ಜಗ್ಗಿದ್ದರೋ ನನಗೆ ಗೊತ್ತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೂಗು ನಿಂತಿತು. ಶಕ್ತಿ ತೀರಿ ನಿಂತಿತೋ, ನೋವು ತೀರಿ ನಿಂತಿತೋ ತಿಳಿಯಲಿಲ್ಲ. ಭಾವ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಮನೆಯವರು ಕಾಲು ಒತ್ತುತ್ತಿದ್ದರು. ಅಂಗಳದಲ್ಲಿ ಹಾರಾಡಿ ಜಗಳವಾಡಿದ ಅಣ್ಣತಮ್ಮಂದಿರು ಒಂದೇ ಚಾಪೆಯ ಮೇಲಿದ್ದರು. ನಾನು ಅತ್ತೆಯ ಇಷ್ಟಲಿಂಗವನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿ ನನ್ನ ಕೈಯಿಂದ ಮುಚ್ಚಿ ಹಿಡಿದೆ. ಬೆರಳು ಬೆಚ್ಚಗಿದ್ದವು. ಉಸಿರು ಒಮ್ಮೆ ಬಂತು, ಬಹಳ ತಡೆದು ಇನ್ನೊಮ್ಮೆ ಬಂತು. ಮೂರನೆಯದಕ್ಕೆ ನಾವು ಮೂವರೂ ಕಾಯುತ್ತ ಕುಳಿತೆವು.

"ಹ್ವಾದ್ಳೇನು?" ಎಂದು ಮನೆಯವರು ನನ್ನನ್ನು ಕೇಳಿದರು, ಕಾಲು ಒತ್ತುವುದನ್ನು ನಿಲ್ಲಿಸದೆ.

"ಹೌದ್ರಿ," ಎಂದೆ. ಅವರು ಆಮೇಲೂ ಸ್ವಲ್ಪ ಹೊತ್ತು ಒತ್ತುತ್ತಲೇ ಇದ್ದರು.